ನುಗ್ಗು

ಕಬಕ ಪುತ್ತೂರು ನಿಲ್ದಾಣದಲ್ಲಿ ರೈಲು ನಿಲ್ಲುವ ಮೊದಲೇ ಜನರಲ್ ಬೋಗಿಯ ಬಾಗಿಲಿಗೆ ಜನ ಮುಗಿಬೀಳುತ್ತಾರೆ, ಇಳಿಯುವವರು ಒಳಗಿನಿಂದ “ನುಗ್ಗಬೇಡಿ ಮಾರಾಯ್ರೇ!” ಎಂದು ಕೂಗುತ್ತಾರೆ. ಈ ‘ನುಗ್ಗು’ ನನಗೆ ಬಲು ಇಷ್ಟದ ಕ್ರಿಯಾಪದ. ಓಡು, ಧಾವಿಸು ಎಂದರೆ ಬರೀ ವೇಗ. ನುಗ್ಗಬೇಕಾದರೆ ಎದುರಿಗೆ ತಡೆಯೊಂದು ಇರಲೇಬೇಕು. ಅದಕ್ಕೇ ನೆರೆನೀರು ತೋಟಕ್ಕೆ ನುಗ್ಗುತ್ತದೆ, ಹಂದಿ ಬೇಲಿ ಮುರಿದು ಗದ್ದೆಗೆ ನುಗ್ಗುತ್ತದೆ. ಆದರೆ ಇದೇ ರೂಪಕ್ಕೆ ಪುಡಿಯಾಗು, ಜಜ್ಜಿಹೋಗು ಎಂಬ ಅರ್ಥವೂ ಹಳಗನ್ನಡದಿಂದ ಬಂದಿದೆ. ಅಲ್ಲಿ ಅದು ‘ನುರ್ಗು’. ಕರ್ಚು ಕಚ್ಚು ಆದಂತೆ ನುರ್ಗು ನುಗ್ಗಾಯಿತು, ನುರ್ಚು ನುಚ್ಚಾಯಿತು. ಗಂಜಿಗೆ ಹಾಕುವ ನುಚ್ಚಕ್ಕಿ ಇದರ ದಾಯಾದಿ. ದುಡಿದು ದುಡಿದು ಮೈ ನುಗ್ಗಾಯಿತು ಎನ್ನುವಾಗ ಬರುವುದೂ ಈ ಅರ್ಥವೇ. ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಸುಳ್ಯ ಸೀಮೆಯಿಂದ ಹೊರಟ ರೈತರ ದಂಡು 1837ರ ಏಪ್ರಿಲ್‌ನಲ್ಲಿ ಪುತ್ತೂರು, ಬಂಟ್ವಾಳ ದಾಟಿ ಮಂಗಳೂರಿಗೆ ನುಗ್ಗಿ, ಬಾವುಟಗುಡ್ಡೆಯಲ್ಲಿ ಧ್ವಜ ಹಾರಿಸಿತು. ಹೆಚ್ಚು ದಿನ ಕಳೆಯುವ ಮೊದಲೇ ಕಂಪನಿಯ ಸೈನ್ಯ ಅದನ್ನು ನುಗ್ಗುನುರಿ ಮಾಡಿತು. ಆ ದಂಡಿನ ಕಥೆ ಹೇಳಲು ಪದದ ಎರಡು ಅರ್ಥಗಳೂ ಬೇಕು. ಪತ್ರಿಕೆಗಳಲ್ಲೀಗ ‘ಮುನ್ನುಗ್ಗು’ ಧಾರಾಳ, ಕೋಟೆ ಹತ್ತುವ ‘ಲಗ್ಗೆ’ಯೂ ಮೊಬೈಲ್ ಮಾರುಕಟ್ಟೆಗೆ ಬಂದಿದೆ. ಸೊರಗುತ್ತಿರುವುದು ಪುಡಿಯಾಗುವ ನುಗ್ಗು. ನಿಮ್ಮ ಮನೆಯ ಹಿರಿಯರ ಮಾತಿನಲ್ಲಿ ಅದು ಇನ್ನೂ ಉಳಿದಿದ್ದರೆ, ದಯವಿಟ್ಟು ಆ ವಾಕ್ಯವನ್ನು ಇದ್ದ ಹಾಗೇ ಬರೆದಿಡಿ.