ಅಧಿಕ ವೋಲ್ಟೇಜಿನ ವಿದ್ಯೆ: ಅಢಾವೆ ಪತ್ರಿಕೆಯಲ್ಲಿ ಕಾಣದ ಆಸ್ತಿ

ಒಂದು ಸರಕಿನ ಬೇಡಿಕೆ ನಿಂತೊಡನೆ ಅದನ್ನು ತಯಾರಿಸುವ ವಿದ್ಯೆಯೂ ನಿರುಪಯುಕ್ತವಾಯಿತೆಂದು ಭಾವಿಸುವುದು ಸಣ್ಣ ಉದ್ದಿಮೆಗಳಲ್ಲಿ ಸಾಮಾನ್ಯ. ಹಳೆಯ ಟಿ.ವಿ.ಗಳ ಪಿಕ್ಚರ್ ಟ್ಯೂಬಿಗೆ ಅಧಿಕ ವೋಲ್ಟೇಜ್ ಒದಗಿಸುತ್ತಿದ್ದ ಘಟಕದ ತಯಾರಿಕೆ ಇದಕ್ಕೆ ತಕ್ಕ ನಿದರ್ಶನ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಒಂದು ಕಾಲದಲ್ಲಿ ಕಪ್ಪು-ಬಿಳುಪು ಪಿಕ್ಚರ್ ಟ್ಯೂಬುಗಳನ್ನು ತಯಾರಿಸುತ್ತಿತ್ತು. 1982ರಲ್ಲಿ ದೇಶದಲ್ಲಿ ವರ್ಣ ಪ್ರಸಾರ ಆರಂಭವಾದ ಬಳಿಕ ಬಿಡಿಭಾಗಗಳ ಮಾರುಕಟ್ಟೆ ವಿಸ್ತರಿಸಿತು. ಚಪ್ಪಟೆ ಪರದೆಗಳು ಬಂದ ಮೇಲೆ ಅದು ಕುಸಿಯಿತು. ಆದರೆ ಕುಸಿದದ್ದು ಸರಕಿನ ಮಾರುಕಟ್ಟೆಯೇ ಹೊರತು ವಿದ್ಯೆಯ ಬೆಲೆಯಲ್ಲ.

ಘಟಕದ ಸ್ವರೂಪ

ಎಲೆಕ್ಟ್ರಾನುಗಳನ್ನು ಪರದೆಯತ್ತ ಸೆಳೆಯಲು ವರ್ಣ ಟ್ಯೂಬಿಗೆ ಸುಮಾರು 25,000 ವೋಲ್ಟ್ ಬೇಕು. ಪ್ರವಾಹ ಮಾತ್ರ 1 ಮಿಲಿಆಂಪಿಯರಿನ ಆಸುಪಾಸು. ಎರಡನ್ನೂ ಗುಣಿಸಿದರೆ ದೊರೆಯುವುದು 25 ವ್ಯಾಟ್, ಅಂದರೆ ಒಂದು ಸಣ್ಣ ಬಲ್ಬಿನ ಶಕ್ತಿ. ಭಾರತದ ಅಂದಿನ ಪ್ರಸಾರ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು, ಪ್ರತಿ ಚಿತ್ರಕ್ಕೆ 625 ಗೆರೆಗಳಿದ್ದವು. ಹೀಗೆ ಸೆಕೆಂಡಿಗೆ 15,625 ಬಾರಿ ಟ್ರಾನ್ಸ್‌ಫಾರ್ಮರಿನ ಮೊದಲ ಸುತ್ತಿನಲ್ಲಿ ಹರಿಯುವ ಪ್ರವಾಹವನ್ನು ಥಟ್ಟನೆ ಕಡಿಯಲಾಗುತ್ತದೆ. ಫೆರೈಟ್ ತಿರುಳಿನಲ್ಲಿ ಸಂಗ್ರಹವಾದ ಶಕ್ತಿ ಎರಡನೆಯ ಸುತ್ತಿನಲ್ಲಿ ಅಧಿಕ ವೋಲ್ಟೇಜಾಗಿ ಹೊಮ್ಮುತ್ತದೆ. ಡಯೋಡುಗಳು ಅದನ್ನು ಏಕಮುಖಗೊಳಿಸುತ್ತವೆ. ಒಳಗೂ ಹೊರಗೂ ವಾಹಕ ಲೇಪನವಿರುವ ಟ್ಯೂಬಿನ ಗಾಜೇ ಕೆಪಾಸಿಟರಿನ ಕೆಲಸ ಮಾಡುತ್ತದೆ. ವಿದ್ಯುತ್ ನಿಲ್ಲಿಸಿದ ಮೇಲೂ ಟ್ಯೂಬನ್ನು ಮುಟ್ಟಿದವರಿಗೆ ಆಘಾತವಾಗುವುದು ಈ ಕಾರಣದಿಂದಲೇ.

ವೆಚ್ಚ ಎಲ್ಲಿ ಅಡಗಿದೆ?

ತಾಮ್ರದ ತಂತಿ, ಫೆರೈಟ್, ಡಯೋಡುಗಳ ಬೆಲೆಯನ್ನು ಕೂಡಿಸಿ, ಅದರ ಮೇಲೆ ಒಂದಿಷ್ಟು ಕೂಲಿ ಹಾಕಿ ದರ ನಿಗದಿಪಡಿಸಿದರೆ ಲೆಕ್ಕ ತಪ್ಪುತ್ತದೆ. ಇಂತಹ ಘಟಕದಲ್ಲಿ ಕಷ್ಟವಿರುವುದು ಶಕ್ತಿಯಲ್ಲಲ್ಲ, ನಿರೋಧನದಲ್ಲಿ. ಒಣ ಗಾಳಿಯು ಮಿಲಿಮೀಟರಿಗೆ ಸುಮಾರು 3,000 ವೋಲ್ಟ್ ತಡೆಯಬಲ್ಲದು. ಚೂಪಾದ ಬೆಸುಗೆಯ ತುದಿ ಇದ್ದರೆ ಅಷ್ಟನ್ನೂ ತಡೆಯದು. ಸುತ್ತುಗಳ ನಡುವಿನ ಎಪಾಕ್ಸಿಯಲ್ಲಿ ಒಂದು ಸಣ್ಣ ಗಾಳಿಗುಳ್ಳೆ ಉಳಿದರೂ ಅಲ್ಲಿ ಸೂಕ್ಷ್ಮ ವಿಸರ್ಜನೆ ಆರಂಭವಾಗಿ, ನಿರೋಧಕವನ್ನು ದಿನದಿನಕ್ಕೆ ಸವೆಸಿ, ಕಾರ್ಖಾನೆಯಲ್ಲಿ ಪರೀಕ್ಷೆ ದಾಟಿದ ಮಾಲು ಗ್ರಾಹಕರ ಮನೆಯಲ್ಲಿ ಸುಟ್ಟುಹೋಗುತ್ತದೆ. ಆದ್ದರಿಂದ ನಿರ್ವಾತದಲ್ಲಿ ಎಪಾಕ್ಸಿ ತುಂಬುವುದು, ಅಧಿಕ ವೋಲ್ಟೇಜಿನಲ್ಲಿ ದೀರ್ಘಕಾಲ ಚಾಲನೆಯಲ್ಲಿಟ್ಟು ಪರೀಕ್ಷಿಸುವುದು, ವೋಲ್ಟೇಜ್ ಮಿತಿಮೀರಿ ಕ್ಷ-ಕಿರಣ ಹೆಚ್ಚದಂತೆ ತಡೆಯುವ ರಕ್ಷಣಾ ಮಂಡಲ ಅಳವಡಿಸುವುದು, ಕಾರ್ಮಿಕರ ಸುರಕ್ಷತೆ ಇವೆಲ್ಲ ವೆಚ್ಚಪಟ್ಟಿಯಲ್ಲಿ ಪ್ರತ್ಯೇಕ ಬಾಬುಗಳಾಗಿ ಬರಬೇಕು. ಇವನ್ನು ಸಾಮಾನ್ಯ ಮೇಲ್ವೆಚ್ಚದಲ್ಲಿ ಮುಳುಗಿಸುವ ತಯಾರಕರು ತಮ್ಮ ಕುಶಲತೆಯನ್ನು ಪುಕ್ಕಟೆ ಮಾರಿದಂತೆಯೇ ಸರಿ.

ಲೆಕ್ಕಪತ್ರದ ಮಿತಿ

ಬೇಡಿಕೆ ನಿಂತಾಗ ಲೆಕ್ಕಪತ್ರ ಮಾನಕ 2ರ ಪ್ರಕಾರ ದಾಸ್ತಾನನ್ನು ವೆಚ್ಚ ಮತ್ತು ನಿವ್ವಳ ವಸೂಲಿ ಮೌಲ್ಯ, ಇವೆರಡರಲ್ಲಿ ಯಾವುದು ಕಡಿಮೆಯೋ ಆ ದರಕ್ಕೆ ಇಳಿಸಬೇಕು. ಇದರಲ್ಲಿ ವಿನಾಯಿತಿ ಸಲ್ಲದು. ಮಾರಾಟವಾಗದ ಮಾಲನ್ನು ಹಳೆಯ ಬೆಲೆಗೆ ತೋರಿಸಿ ಬ್ಯಾಂಕಿನ ಮಿತಿ ಕಾಯ್ದುಕೊಳ್ಳುವುದು ಆತ್ಮವಂಚನೆ. ಅಮೂರ್ತ ಆಸ್ತಿಗಳ ಮಾನಕ 26 ಸಹ ಸಿಬ್ಬಂದಿಯ ಕೌಶಲವನ್ನು ಸಾಮಾನ್ಯವಾಗಿ ಆಸ್ತಿಯೆಂದು ಒಪ್ಪುವುದಿಲ್ಲ. ಮಾನಕಗಳ ಈ ಎಚ್ಚರಿಕೆ ಯುಕ್ತವೇ. ಆದರೆ ಅಢಾವೆ ಪತ್ರಿಕೆಯಲ್ಲಿ ಇಲ್ಲದ್ದು ಉದ್ದಿಮೆಯಲ್ಲೂ ಇಲ್ಲವೆಂದು ಮಾಲೀಕರು ತಿಳಿದಾಗಲೇ ನಿಜವಾದ ನಷ್ಟ ಆರಂಭವಾಗುತ್ತದೆ. ನಿರ್ವಾತ ಯಂತ್ರ ಗುಜರಿಗೆ ಹೋಗುತ್ತದೆ, ಅನುಭವಿ ಕೆಲಸಗಾರ ಬೇರೆಡೆ ಹೋಗುತ್ತಾನೆ, ಪರೀಕ್ಷಾ ದಾಖಲೆಗಳು ರದ್ದಿಯಾಗುತ್ತವೆ.

ಇತ್ತ ಅಧಿಕ ವೋಲ್ಟೇಜಿನ ಬೇಡಿಕೆ ಬೇರೆ ಬಾಗಿಲುಗಳಲ್ಲಿ ನಿಂತಿದೆ. ಪೌಡರ್ ಕೋಟಿಂಗ್ ಗನ್ನು, ಗಾಳಿಯ ಧೂಳನ್ನು ಸೆಳೆಯುವ ಸ್ಥಿರವಿದ್ಯುತ್ ಶೋಧಕ, ಕ್ಷ-ಕಿರಣ ಯಂತ್ರ, ಎಲ್ಲಕ್ಕೂ ಅದೇ ನಿರೋಧನದ ವಿದ್ಯೆಯೇ ಬುನಾದಿ. ಹಾಗೆಂದು ಹಳೆಯ ಘಟಕವನ್ನೇ ಹೊಸ ಪೆಟ್ಟಿಗೆಗೆ ಹಾಕಿ ಮಾರಲಾಗದು. ಗನ್ನಿನಲ್ಲಿ ಕಿಡಿ ಹಾರದಂತೆ ಪ್ರವಾಹವನ್ನು ಬಿಗಿಯಾಗಿ ಮಿತಿಗೊಳಿಸಬೇಕು. ಕ್ಷ-ಕಿರಣ ಯಂತ್ರಕ್ಕೆ ಶಕ್ತಿ ಹೆಚ್ಚು ಬೇಕು, ಜೊತೆಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳೂ ಅನ್ವಯಿಸುತ್ತವೆ. ವಿದ್ಯೆ ಒಂದೇ ಆದರೂ ಅದನ್ನು ಹೊಸ ಸರಕಿಗೆ ಒಗ್ಗಿಸಲು ಹಣ ಮತ್ತು ಕಾಲ ಎರಡೂ ಬೇಕು.

ಆದಕಾರಣ ಪ್ರತಿಯೊಬ್ಬ ಸಣ್ಣ ತಯಾರಕರೂ ವರ್ಷಾಂತ್ಯದಲ್ಲಿ ದಾಸ್ತಾನು ಎಣಿಸುವಾಗಲೇ ಇನ್ನೊಂದು ಪಟ್ಟಿಯನ್ನೂ ಸಿದ್ಧಪಡಿಸುವುದು ಹಿತಕರ: ಯಾವ ಕೆಲಸ ಯಾರಿಗೆ ತಿಳಿದಿದೆ, ಯಾವ ಪ್ರಕ್ರಿಯೆ ಬರಹದಲ್ಲಿದೆ, ಯಾವ ದೋಷಕ್ಕೆ ಯಾವ ಪರಿಹಾರ ಕಂಡುಕೊಳ್ಳಲಾಗಿದೆ, ಯಾವ ಯಂತ್ರ ಬೇರೆ ಸರಕಿಗೂ ಒದಗುತ್ತದೆ. ಈ ಪಟ್ಟಿಯನ್ನು ಯಾವ ಲೆಕ್ಕಪರಿಶೋಧಕರೂ ಕೇಳುವುದಿಲ್ಲ, ಯಾವ ಇಲಾಖೆಗೂ ಸಲ್ಲಿಸಬೇಕಾಗಿಲ್ಲ. ಆದರೆ ಕೈಯಲ್ಲಿರುವ ಸರಕಿನ ಕಾಲ ಮುಗಿದ ದಿನ ಮುಂದಿನ ದಾರಿ ತೋರುವುದು ಇದೊಂದೇ ಪಟ್ಟಿ.