ಕುರ್ಚಿಯವರಿಗೆ ಹೆಸರಿದೆ, ನೆಲದವರಿಗಿಲ್ಲ

ಬಂಗಾರಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವನಿಗೆ ಸಾವಿನ ಸುದ್ದಿ ಎಷ್ಟೋ ಸಲ ನೆಂಟರಿಗಿಂತ ಮೊದಲೇ ಮುಟ್ಟುತ್ತಿತ್ತು. ಮಾರಿಕುಪ್ಪಂ ರೈಲಿನಲ್ಲಿ ಬಂದಿಳಿದವರು ನೇರ ಅಂಗಡಿಗೆ ಬಂದು ಕವರಿನಿಂದ ಹಳೆಯ ಗ್ರೂಪ್ ಫೋಟೋ ತೆಗೆಯುತ್ತಿದ್ದರು. ಇಪ್ಪತ್ತು ಮೂವತ್ತು ಜನ ಸಾಲಾಗಿ ನಿಂತಿರುತ್ತಾರೆ, ಹಿಂದೆ ಶಾಫ್ಟಿನ ಕಬ್ಬಿಣದ ಗೋಪುರ. “ಇದ್ರಾಗೆ ನಮ್ಮಪ್ಪ ಅವ್ರೆ ಅಣ್ಣ, ಅವರೊಬ್ಬರನ್ನೇ ತೆಗೆದು ದೊಡ್ಡದು ಮಾಡ್ಕೊಡಿ, ಹದಿನಾರನೇ ದಿನಕ್ಕೆ ಬೇಕು.” ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರು ಒಂಟಿಯಾಗಿ ಫೋಟೋ ತೆಗೆಸಿಕೊಂಡದ್ದು ಕಡಿಮೆ. ಕಾಪಿ ನೆಗೆಟಿವ್ ಮಾಡಿ, ಆ ಸಣ್ಣ ತಲೆಯನ್ನು ಎನ್‌ಲಾರ್ಜರ್‌ನಲ್ಲಿ ಹಿಗ್ಗಿಸಿ, ಅಳಿಸಿಹೋದ ಮೀಸೆ ಹುಬ್ಬಿಗೆ ಟಚಿಂಗ್ ಕೊಟ್ಟು, ಕೇಳಿದವರಿಗೆ ಒಂದು ಕೋಟನ್ನೂ ಬರೆದು ಫ್ರೇಮು ಕಟ್ಟಿ ಕೊಡುತ್ತಿದ್ದೆ. ಹಾರ ಬೀಳುತ್ತಿದ್ದದ್ದು ಅದಕ್ಕೆ.

ಕೌಂಟರಿನಲ್ಲಿ ನಾನು ಕೇಳಲೇಬೇಕಿದ್ದ ಪ್ರಶ್ನೆ ಒಂದೇ: ಇದರಲ್ಲಿ ನಿಮ್ಮವರು ಯಾರು? ಬಂದ ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬೆರಳಿಟ್ಟು ಹುಡುಕುತ್ತಿದ್ದಳು. ಬೆರಳು ಸಾಲಿನ ಮೇಲೆ ಸರಿದಂತೆಲ್ಲ ಹೆಸರು ಉದುರುತ್ತಿದ್ದವು. ಇವನು ಚಿತ್ತೂರಿನವನು, ಚೆನ್ನಾಗಿ ಹಾಡುತ್ತಿದ್ದ. ಇವನು ನಮ್ಮ ಲೈನಿನವನೇ, ಬಂಡೆ ಸಿಡಿದು ಸತ್ತ. ಇವನು ಮೇಸ್ತ್ರಿ, ಬಡ್ಡಿಗೆ ಕೊಡುತ್ತಿದ್ದ, ಹಾಳಾಗಿ ಹೋಗಲಿ. ತಮಿಳಿನಲ್ಲಿ ಶುರುವಾದ ಮಾತು ತೆಲುಗಿಗೆ ಹೊರಳಿ, ನನಗಾಗಿ ಕನ್ನಡಕ್ಕೆ ಬರುತ್ತಿತ್ತು. ಆ ಹೆಸರುಗಳನ್ನು ಯಾರೂ ಬರೆದುಕೊಳ್ಳುತ್ತಿರಲಿಲ್ಲ. ನನ್ನ ರಸೀದಿ ಪುಸ್ತಕದಲ್ಲಿ ಇರುತ್ತಿದ್ದದ್ದು ಸೈಜು, ಅಡ್ವಾನ್ಸು, ಬಾಕಿ.

ಈಗ ನಮ್ಮ ಜಿಲ್ಲೆಯಲ್ಲಿ ಹಳೆಯ ಫೋಟೋಗಳ ಬಗ್ಗೆ ಉತ್ಸಾಹ ಎದ್ದಿದೆ. ಒಳ್ಳೆಯದೇ. ಚಿನ್ನದ ಗಣಿಗೊಂದು ಮ್ಯೂಸಿಯಂ ಆಗಬೇಕು, ದೊಡ್ಡ ಪ್ರಿಂಟು ಹಾಕಬೇಕು, ಪ್ರವಾಸಿಗಳು ಬರಬೇಕು ಎಂದು ಸಭೆಗಳಲ್ಲಿ ಕೇಳುತ್ತೇನೆ. ನನ್ನ ತಕರಾರು ಕ್ರಮದ ಬಗ್ಗೆ. ಕಟ್ಟಡ ಹತ್ತು ವರ್ಷ ತಡವಾದರೂ ನಷ್ಟವಿಲ್ಲ. ಹೆಸರು ಹೇಳುವವರು ಹತ್ತು ವರ್ಷ ಕಾಯುವುದಿಲ್ಲ. 1960ರಲ್ಲಿ ಹದಿನೆಂಟು ತುಂಬಿ ಗಣಿಗಿಳಿದ ಹುಡುಗನಿಗೆ ಈಗ ಎಂಬತ್ತು ದಾಟಿದೆ, ಇದ್ದರೆ. ದೂಳು ಕುಡಿದ ಎದೆಗೂಡಿನವರು ಅಷ್ಟು ವರ್ಷ ಬದುಕುವುದೇ ಅಪರೂಪ.

ಕೆ.ಜಿ.ಎಫ್., ಅಂದರೆ ಈ ಚಿನ್ನದ ಗಣಿಯ, ಫೋಟೋಗಳಿಗೇನೂ ಬರವಿಲ್ಲ. ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರು ದಂಡಿಗೆ ಬಂದಿದ್ದ ಲ್ಯಾವೆಲ್ ಎಂಬ ಐರಿಷ್ ಸೈನಿಕ 1873ರಲ್ಲಿ ಗಣಿಗಾರಿಕೆಗೆ ಅನುಮತಿ ಕೇಳಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೈಹಾಕಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ನಮ್ಮ ಬಂಗಾರಪೇಟೆಯಿಂದಲೇ, ಗಣಿಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ತಂತಿ ಎಳೆದು ಗಣಿಗೆ ಕರೆಂಟು ಕೊಟ್ಟರು, ಬೆಂಗಳೂರಿನ ಬೀದಿಗಿಂತ ಮೊದಲು. ಲಂಡನ್ನಿನ ಷೇರುದಾರರಿಗೆ ತಮ್ಮ ದುಡ್ಡು ಎಲ್ಲಿ ಹೋಯಿತೆಂದು ತೋರಿಸಬೇಕಿತ್ತು. ಹಾಗಾಗಿ ಕ್ಯಾಮರಾ ಮೊದಲಿಂದಲೂ ಇಲ್ಲಿತ್ತು. ಶಾಫ್ಟು, ಮಿಲ್ಲು, ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ, ಎಲ್ಲದರ ಫೋಟೋ ಇದೆ. ಆಗಿನ ಗಾಜಿನ ಪ್ಲೇಟಿನ ಕೆಲಸಕ್ಕೆ ಈಗಲೂ ಕೈಮುಗಿಯುತ್ತೇನೆ. ಸಾಹೇಬನ ಕೋಟಿನ ಗುಂಡಿ ಎಣಿಸಬಹುದು.

ಆದರೆ ನಾನು ಕಾಪಿ ಮಾಡಿದ ಹಳೆಯ ಗ್ರೂಪ್ ಫೋಟೋಗಳಲ್ಲಿ ಒಂದು ಸಂಪ್ರದಾಯವನ್ನು ಮತ್ತೆ ಮತ್ತೆ ಕಂಡಿದ್ದೇನೆ. ಬೆತ್ತದ ಕುರ್ಚಿಯ ಮೇಲೆ ಕೂತವರ ಹೆಸರು ಮೌಂಟಿನ ಕೆಳಗೆ ಎಡದಿಂದ ಬಲಕ್ಕೆ ಇನಿಶಿಯಲ್ ಸಮೇತ ಇರುತ್ತದೆ. ಹಿಂದೆ ನಿಂತ ಗುಮಾಸ್ತರದ್ದು ಕೆಲವೊಮ್ಮೆ ಇರುತ್ತದೆ. ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ತಲೆಗಳಿಗೆ ಏನೂ ಇಲ್ಲ. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದವರು, ಅವರಲ್ಲಿ ಬಹುಪಾಲು ದಲಿತರು, ಜೊತೆಗೆ ನಮ್ಮ ಕೋಲಾರ ಸೀಮೆಯ ಹಳ್ಳಿಯವರು. ಕಂಪನಿಗೆ ಅವರು ನಂಬರು.

ಅವರ ಗುರುತು ಕಂಪನಿಗೆ ಬೇಕಿರಲಿಲ್ಲವೆಂದಲ್ಲ. ಚೆನ್ನಾಗಿಯೇ ಬೇಕಿತ್ತು, ಬೇರೆ ಕಾರಣಕ್ಕೆ. 1930ರಲ್ಲಿ ಎಲ್ಲ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಣಿ ಮಾಡುವ ನಿಯಮ ಬಂತು. ಒಂದು ಗಣಿಯಲ್ಲಿ ಕೆಲಸ ಕಳೆದುಕೊಂಡವನಿಗೆ ಪಕ್ಕದ ಗಣಿಯ ಬಾಗಿಲೂ ಮುಚ್ಚುತ್ತದೆಂದು ಜನ ತಿರುಗಿಬಿದ್ದರು. ಇಡೀ ಗಣಿ ಸುಮಾರು ಮೂರು ವಾರ ನಿಂತುಹೋಯಿತು. ಇತಿಹಾಸಕಾರ್ತಿ ಜಾನಕಿ ನಾಯರ್ ಅವರು ಗಣಿ ಮತ್ತು ಗಿರಣಿ ಕಾರ್ಮಿಕರ ಬಗ್ಗೆ ಬರೆದ ಪುಸ್ತಕದಲ್ಲಿ ಈ ಮುಷ್ಕರದ ಕಥೆ ಇದೆ. ಹೆಬ್ಬೆಟ್ಟು ಬೇಕು, ಹೆಸರು ಬೇಡ ಎಂಬ ಧೋರಣೆಯ ಫಲವನ್ನು ನಾವು ಇವತ್ತು ಆ ಮೌಂಟುಗಳ ಮೇಲೆ ಓದುತ್ತಿದ್ದೇವೆ. ಸಾಹೇಬರು ಹೋದ ಮೇಲಾದರೂ ಇದು ಬದಲಾಯಿತೆ? 1965ರಲ್ಲಿ ಚಾಂಪಿಯನ್ ರೀಫ್ಸ್ ಗಣಿಯೊಳಗೆ ಎರಡು ಕಿಲೋಮೀಟರಿಗೂ ಕೆಳಗೆ ವಾತಾವರಣದ ನ್ಯೂಟ್ರಿನೋ ಪತ್ತೆಯಾಯಿತು. ದೊಡ್ಡ ಸಾಧನೆ. ವಿಜ್ಞಾನಿಗಳ ಹೆಸರುಗಳು ಪ್ರಬಂಧದಲ್ಲಿವೆ. ಅವರ ಪೆಟ್ಟಿಗೆಗಳನ್ನು ಕೇಜಿನಲ್ಲಿಟ್ಟು ಆ ಆಳದ ಸೆಕೆಗೆ ಇಳಿಸಿದವರು ಯಾರೆಂದು ಕೇಳಿದರೆ ಮತ್ತೆ ಆ ಅಜ್ಜಿಯಂಥವರ ಹತ್ತಿರವೇ ಹೋಗಬೇಕು.

ಮಂಗಳೂರನ್ನು ನೋಡಿ ನಾನು ಹೊಟ್ಟೆ ಉರಿದುಕೊಳ್ಳುವುದುಂಟು. ಕಡಲಿನ ಊರು. ಉಪ್ಪುಗಾಳಿ, ಆರು ತಿಂಗಳ ಮಳೆ, ಫಂಗಸ್ಸು. ಫೋಟೋ ಕಾಗದಕ್ಕೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ನಮ್ಮ ಕೋಲಾರದ ಒಣಹವೆಯಲ್ಲಿ ಟ್ರಂಕಿನಲ್ಲಿಟ್ಟ ಬ್ರೋಮೈಡ್ ಪ್ರಿಂಟು ಅರವತ್ತು ವರ್ಷವಾದರೂ ಜಗ್ಗುವುದಿಲ್ಲ. ಆದರೂ ಹಳೆಯ ಮಂಗಳೂರನ್ನು ಇವತ್ತು ಮನೆಯಲ್ಲೇ ಕೂತು ನೋಡಬಹುದು, ಹಳೆಯ ಕೋಲಾರವನ್ನು ಅಷ್ಟು ಸುಲಭವಾಗಿ ನೋಡಲಾಗುವುದಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಅಚ್ಚುಕೂಟ, ನೇಯ್ಗೆ, 1865ರಿಂದ ಹೆಂಚಿನ ಕಾರ್ಖಾನೆ ನಡೆಸಿದ್ದಲ್ಲದೆ ಎಲ್ಲದರ ಫೋಟೋ ತೆಗೆದು ಸ್ವಿಟ್ಜರ್ಲೆಂಡಿಗೆ ಕಳಿಸಿದರು. ಅಲ್ಲಿನ ಕಡತಖಾನೆಯವರು ಊರು, ಕಾಲ, ತೆಗೆದವರ ಹೆಸರು ಗೊತ್ತಿದ್ದಷ್ಟು ಬರೆದು ಸಾವಿರಾರು ಚಿತ್ರಗಳನ್ನು ಇಂಟರ್‌ನೆಟ್ಟಿಗೆ ಹಾಕಿದ್ದಾರೆ. ಕರಾವಳಿಯ ಸಂಶೋಧಕರು ಅದನ್ನು ದಿನಾ ಬಳಸುತ್ತಾರೆ. ಅಲ್ಲೂ ಪಾದ್ರಿಗಳ ಹೆಸರು ಸಿಕ್ಕಷ್ಟು ಸುಲಭವಾಗಿ ಹೆಂಚು ಹೊತ್ತವರ ಹೆಸರು ಸಿಗುವುದಿಲ್ಲ, ಅದು ಬೇರೆ ಮಾತು. ಆದರೆ ಬರೆದಿಟ್ಟರೆ ಏನಾಗುತ್ತದೆಂದು ತಿಳಿಯಲು ಅದೊಂದೇ ಉದಾಹರಣೆ ಸಾಕು. ನಮ್ಮ ಮಾಲೂರಿನಲ್ಲೂ ಹೆಂಚಿನ ಕಾರ್ಖಾನೆಗಳು ಹೊಗೆ ಉಗುಳಿದವು. ಅವುಗಳ ಹಳೆಯ ಫೋಟೋ ಯಾರ ಮನೆಯ ಅಟ್ಟದಲ್ಲಿದೆ?

ಬೇರೆ ದೇಶಕ್ಕೆ ಹೋದದ್ದು ಹೀಗಾದರೂ ಉಳಿಯಿತು. ಇಲ್ಲೇ ಇದ್ದದ್ದು ಹೋದ ಬಗೆ ನಮ್ಮ ಕಸುಬಿನವರಿಗೆ ಚೆನ್ನಾಗಿ ಗೊತ್ತು. ಕಪ್ಪುಬಿಳುಪಿನ ಫಿಲ್ಮಿನಲ್ಲೂ ಫಿಲ್ಮು ತೊಳೆದ ಹೈಪೋ ದ್ರಾವಣದಲ್ಲೂ ಬೆಳ್ಳಿ ಇರುತ್ತದೆ. ಅದನ್ನು ತೆಗೆಯುವವರು ಕ್ಯಾನು, ಗೋಣಿಚೀಲ ಹಿಡಿದು ಸ್ಟುಡಿಯೋದಿಂದ ಸ್ಟುಡಿಯೋಗೆ ಬರುತ್ತಿದ್ದರು. ಹೈಪೋ ಲೀಟರ್ ಲೆಕ್ಕ, ಹಳೆಯ ನೆಗೆಟಿವ್ ಕೆ.ಜಿ. ಲೆಕ್ಕ. ಡಿಜಿಟಲ್ ಬಂದು ಅಂಗಡಿಗಳು ಒಂದೊಂದೇ ಮುಚ್ಚಿದಾಗ ಬಾಡಿಗೆ ಬಾಕಿ ಇದ್ದವರು ತಲೆಮಾರಿನ ನೆಗೆಟಿವ್‌ಗಳನ್ನು ತೂಕಕ್ಕೆ ಹಾಕಿದರು. ಅವರನ್ನು ದೂರಲಾರೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಲೈನಿನ ಮನೆಗಳಲ್ಲಿ ಪಾತ್ರೆಪಡಗವನ್ನೂ ಮಾರಿದ್ದನ್ನು ಕಂಡವರು ನಾವು.

ಅಂದಹಾಗೆ, ಗಣಿಯಿಂದ ಹೊರಬಿದ್ದ ಮಣ್ಣಿನ ಸೈನೈಡ್ ದಿಬ್ಬಗಳಲ್ಲಿ ಉಳಿದಿರುವ ಚೂರುಪಾರು ಚಿನ್ನ ತೆಗೆಯುವ ಯೋಜನೆ ಮಾತ್ರ ವರ್ಷಕ್ಕೊಮ್ಮೆ ಸುದ್ದಿಯಾಗುತ್ತದೆ. ಮೂರು ಕೋಟಿ ಟನ್ನಿಗೂ ಮೀರಿದ ಆ ಮಣ್ಣನ್ನು ಮತ್ತೆ ಜರಡಿ ಹಿಡಿಯಲು ತಯಾರಿರುವವರಿಗೆ ಒಂದಷ್ಟು ಫೋಟೋ ಟ್ರಂಕುಗಳನ್ನು ತೆರೆಸುವುದು ಕಷ್ಟವೆ?

ಈಚೆಗೆ ಇನ್ನೊಂದು ಹಾವಳಿ. 2018ರ ‘ಕೆ.ಜಿ.ಎಫ್.’ ಸಿನಿಮಾ ಬಂದ ಮೇಲೆ ಮೊಬೈಲಿನಲ್ಲಿ ಕೆ.ಜಿ.ಎಫ್. ಎಂದು ಹುಡುಕಿದರೆ ಮೊದಲು ಬರುವುದು ಸೆಟ್ಟು, ಮಸಿ ಬಳಿದ ಮುಖಗಳು. ಸಿನಿಮಾ ಸಿನಿಮಾವೇ, ಅದರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬರುವುದು ಅಜ್ಜನ ಮಸುಕು ಫೋಟೋವನ್ನು ಫೋನಿನ ಎ.ಐ.ಗೆ ಕೊಟ್ಟು, ಬಣ್ಣ ತುಂಬಿಸಿ, ಅದನ್ನೇ ಅಸಲಿಯೆಂದು ಹಂಚುವವರ ಮೇಲೆ. ಆ ಯಂತ್ರಕ್ಕೆ ಕಾಣದ ಕಡೆ ಅದು ಊಹಿಸುತ್ತದೆ; ಇಲ್ಲದ ಹಲ್ಲು, ಯಾರದೋ ಕಣ್ಣು, ಬೆಳ್ಳಗಿನ ಮೈ. ಕೋಟು ಬರೆದ ನೀನು ಇದನ್ನು ಹೇಳುತ್ತೀಯಾ ಎಂದು ಮಗಳು ಕೇಳಿದಳು. ಹೇಳುತ್ತೇನೆ. ನಾನು ಬರೆದ ಕೋಟು ಬರೆದ ಕೋಟೆಂದು ಮನೆಯವರಿಗೆಲ್ಲ ಗೊತ್ತಿತ್ತು, ಮೂಲ ಫೋಟೋ ಹಾಗೇ ವಾಪಸ್ಸು ಅವರ ಕವರಿಗೆ ಹೋಗುತ್ತಿತ್ತು.

ಆಗಬೇಕಾದ ಕೆಲಸಕ್ಕೆ ದೊಡ್ಡ ಟೆಂಡರು ಬೇಕಿಲ್ಲ. ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್, ಊರಿಗಾಂ, ಕೋರಮಂಡಲ್ ಲೈನುಗಳಲ್ಲಿ ಭಾನುವಾರ ಒಂದು ಮೇಜು, ಒಂದು ಸ್ಕ್ಯಾನರು, ಒಂದು ರೆಕಾರ್ಡರು. ಚರ್ಚು ಬಿಟ್ಟ ಹೊತ್ತಿಗೆ ಹಾಕಿದರೆ ಜನ ತಾವೇ ಬರುತ್ತಾರೆ. ಫೋಟೋವನ್ನು ಅವರ ಕಣ್ಣೆದುರೇ ಸ್ಕ್ಯಾನ್ ಮಾಡಿ ಅಲ್ಲೇ ಕೈಗೆ ಕೊಡಬೇಕು. ‘ನಾಳೆ ಬನ್ನಿ’ ಅಂದರೆ ಯಾರೂ ಕೊಡುವುದಿಲ್ಲ, ಕೊಡಲೂಬಾರದು. ಪ್ರದರ್ಶನಕ್ಕೆಂದು ತೆಗೆದುಕೊಂಡು ಹೋದ ಫೋಟೋಗಳು ವಾಪಸ್ಸು ಬರದ ಕಥೆ ಎಷ್ಟು ಮನೆಗಳಲ್ಲಿಲ್ಲ! ಕೋಲಾರದ ಟಮಕದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವಿದೆ. ಅಲ್ಲಿನ ಇತಿಹಾಸದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟು ಏನಿದೆ? ತಮಿಳು, ತೆಲುಗು ಬಲ್ಲ ಹುಡುಗರು ಪ್ರತಿ ತರಗತಿಯಲ್ಲೂ ಇದ್ದೇ ಇರುತ್ತಾರೆ, ಇದು ಕೋಲಾರ. ಹೇಳಿದ್ದನ್ನು ಹೇಳಿದ ಭಾಷೆಯಲ್ಲೇ ರೆಕಾರ್ಡ್ ಮಾಡಿ, ಕನ್ನಡದಲ್ಲೂ ಬರೆದು, ಪ್ರಿಂಟು ತೆಗೆದು ಜಿಲ್ಲಾ ಗ್ರಂಥಾಲಯದಲ್ಲೊಂದು ಪ್ರತಿ ಇಡಬೇಕು. ಹಾರ್ಡ್ ಡಿಸ್ಕನ್ನು ನಂಬಿ ಕೂತವರ ಮದುವೆ ಆಲ್ಬಮ್‌ಗಳ ಗತಿ ನೋಡಿದ್ದೇನೆ.

ಮನೆಯಲ್ಲಿ ಹಳೆಯ ಫೋಟೋ ಇರುವವರಿಗೆ ಸ್ಟುಡಿಯೋದವನ ಒಂದೆರಡು ಮಾತು. ಲ್ಯಾಮಿನೇಷನ್ ಬೇಡವೇ ಬೇಡ, ಒಮ್ಮೆ ಅಂಟಿದ್ದನ್ನು ದೇವರೂ ಬಿಡಿಸಲಾರ. ಅಂಟು ಹಾಳೆಯ ಆಲ್ಬಮ್ಮೂ ಅಷ್ಟೆ. ಹಿಂದೆ ಬರೆಯುವುದಾದರೆ ಮೆತ್ತನೆಯ ಪೆನ್ಸಿಲಿನಲ್ಲಿ, ಅಂಚಿನಲ್ಲಿ, ಒತ್ತದೆ; ಬಾಲ್‌ಪೆನ್ನಿನ ಗೀರು ಮುಂದಕ್ಕೆ ಮೂಡುತ್ತದೆ. ತೊಂಬತ್ತರ ದಶಕದ ಕಲರ್ ಪ್ರಿಂಟುಗಳನ್ನು ಮೊದಲು ಸ್ಕ್ಯಾನ್ ಮಾಡಿಸಿ, ಕಪ್ಪುಬಿಳುಪಿಗಿಂತ ಬೇಗ ಹೋಗುವವು ಅವೇ. ಮತ್ತು ನಿಮ್ಮವರ ಹೆಸರಷ್ಟೇ ಬರೆದು ನಿಲ್ಲಿಸಬೇಡಿ, ಪಕ್ಕದವರದ್ದೂ ಬರೆಯಿರಿ. ಪಕ್ಕದವರ ಮನೆಯಲ್ಲಿ ಫೋಟೋ ಉಳಿದಿರಲಾರದು.

ತಪ್ಪು ಹೆಸರು ಸೇರಿಬಿಟ್ಟರೆ ಎಂದು ಓದಿದವರು ಹೆದರುತ್ತಾರೆ. ಸೇರುತ್ತದೆ. ನನ್ನ ಕೌಂಟರಿನಲ್ಲೇ ಇಬ್ಬರು ಮುದುಕರು ಒಂದು ಮುಖಕ್ಕಾಗಿ ಜಗಳಕ್ಕೆ ಬಿದ್ದಿದ್ದರು. ಅವನು ಕೋರಮಂಡಲ್ ಲೈನಿನ ಮುನಿಸ್ವಾಮಿ ಎಂದು ಒಬ್ಬ, ಊರಿಗಾಂನ ಅವನ ತಮ್ಮ ಎಂದು ಇನ್ನೊಬ್ಬ. ಟೀ ತರಿಸಿದರೂ ಇತ್ಯರ್ಥವಾಗಲಿಲ್ಲ. ಅಂಥ ಕಡೆ ಇಬ್ಬರು ಹೇಳಿದ್ದನ್ನೂ ಬರೆದುಕೊಂಡು, ಯಾರು ಹೇಳಿದ್ದು, ಯಾವ ತಾರೀಖು ಎಂದು ಪಕ್ಕದಲ್ಲಿ ಹಾಕಿದರಾಯಿತು. ಮೂರನೆಯವರು ಬಂದು ತೀರ್ಮಾನಿಸಲಿ.