ಗೆಲುವಿನ ಮರುದಿನದ ಸುದ್ದಿ
ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಪ್ರತಿ ಸೆಪ್ಟೆಂಬರ್ 17ರಂದು ಕಲ್ಯಾಣ ಕರ್ನಾಟಕ ಉತ್ಸವದ ಧ್ವಜಾರೋಹಣ ನಡೆಯುತ್ತದೆ. ಭಾಷಣಗಳಲ್ಲಿ ನಿಜಾಮನ ಪರ ನಿಂತ ರಜಾಕಾರರ ಕ್ರೌರ್ಯ, ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಪೊಲೀಸ್ ಕಾರ್ಯಾಚರಣೆಯ ಗೆಲುವು ಎರಡೂ ಬರುತ್ತವೆ, ಬರಲೇಬೇಕು. ರಜಾಕಾರರನ್ನು ಟೀಕಿಸಿದ ‘ಇಮ್ರೋಜ್’ ಉರ್ದು ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಅವರನ್ನು ಆ ವರ್ಷದ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಕೈ ಕಡಿದು ಕೊಂದಿದ್ದರು. ಆದರೆ ಗೆಲುವಿನ ಬೆನ್ನಿಗೇ ನಡೆದ ಮುಸ್ಲಿಮರ ಹತ್ಯಾಕಾಂಡದ ಮಾತು ವೇದಿಕೆ ಹತ್ತುವುದು ಅಪರೂಪ. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಕಲಬುರಗಿ, ಬೀದರ್, ಉಸ್ಮಾನಾಬಾದ್, ನಾಂದೇಡ್ ಜಿಲ್ಲೆಗಳೇ ಹೆಚ್ಚು ನಲುಗಿದವೆಂದೂ, ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬಹುದೆಂದೂ ಬರೆಯಿತು. ಮುಸ್ಲಿಂ ನೇಕಾರರನ್ನು ಕಾಪಾಡಲು ಹೋಗಿ ಪ್ರಾಣ ತೆತ್ತ ಹಿಂದೂ ನೇಕಾರರ ಸಂಗತಿಯೂ ಅದೇ ವರದಿಯಲ್ಲಿದೆ. ಸರ್ಕಾರ ಅದನ್ನು ಪ್ರಕಟಿಸಲಿಲ್ಲ. ದಶಕಗಳ ಕಾಲ ಅದು ಕಡತದಲ್ಲೇ ಉಳಿಯಿತು. ಇದು ಒಂದು ಸಂಸ್ಥಾನದ ಕತೆಯಷ್ಟೇ ಅಲ್ಲ: ಯುದ್ಧದ ಹೊತ್ತಿನಲ್ಲಿ ಸರ್ಕಾರದ ಮಾತೇ ಸುದ್ದಿಯಾಗುತ್ತದೆ, ಸಾವಿನ ಲೆಕ್ಕ ಕೇಳಿದವರ ದೇಶಪ್ರೇಮವನ್ನೇ ಜನ ಶಂಕಿಸುತ್ತಾರೆ. ಅಮೆರಿಕದಲ್ಲೂ ಹೀಗೇ ಆಯಿತು: ಇರಾಕ್ ಯುದ್ಧಕ್ಕೆ ಮೊದಲು, 2003ರ ಫೆಬ್ರುವರಿಯಲ್ಲಿ, ಯುದ್ಧವಿರೋಧಿಗಳಿಗೆ ಅವಕಾಶ ಕೊಡುತ್ತಿದ್ದ ಫಿಲ್ ಡೊನಹ್ಯೂ ಅವರ ಕಾರ್ಯಕ್ರಮವನ್ನು ಎಂಎಸ್‌ಎನ್‌ಬಿಸಿ ವಾಹಿನಿ ರದ್ದು ಮಾಡಿತು. ಇರಾಕ್ ಕುರಿತ ತನ್ನ ವರದಿಗಳಲ್ಲಿ ಬಿಗಿಯಾದ ಪರಿಶೀಲನೆ ಇರಲಿಲ್ಲವೆಂದು ‘ನ್ಯೂಯಾರ್ಕ್ ಟೈಮ್ಸ್’ ಒಪ್ಪಿಕೊಂಡದ್ದು 2004ರಲ್ಲಿ, ಯುದ್ಧ ಶುರುವಾದ ಮೇಲೆ. ತಡವಾಗಿಯಾದರೂ ಕಲಬುರಗಿಯ ಪತ್ರಿಕೆಗಳು ಸುಂದರಲಾಲ್ ವರದಿಯನ್ನು ಕನ್ನಡದಲ್ಲಿ ಪೂರ್ತಿಯಾಗಿ ಅಚ್ಚು ಹಾಕಲಿ. ರಜಾಕಾರರಿಂದ ನೊಂದ ಮನೆಗಳ ನೆನಪಿನ ಪಕ್ಕದಲ್ಲೇ ಈ ಸಾವುಗಳಿಗೂ ಜಾಗ ಕೊಡಲಿ.